ಎಮ್ಮೆ ಕೇಳಿದ ಖಟ್ಲೆ

ನಮ್ಮ ದನದ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಟವಿದೆ. ಆ ಗೂಟಕ್ಕೆ ತಲೆಗೆ ಹೊದೆಯುವ ಒಂದು ಹಸಿರು ಓಢಣಿ ಸದಾ ನೇತುಬಿದ್ದಿರುತ್ತದೆ. ಅಂಚಿನ ಜರಿ ಅರ್ಧ ಕಿತ್ತುಹೋಗಿದೆ. ಹತ್ತಿರ ಹೋದರೆ ಸಗಣಿ, ಹಿಂಡಿ, ಹಾಲು, ಎಲ್ಲದರ ಹಿಂದೆ ತುಸು ಅತ್ತರಿನ ವಾಸನೆ. ಮನೆಗೆ ಬಂದ ಬೀಗರು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ಇದು ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಂಡದ್ದನ್ನು ಕೇಳದೆ ಸುಮ್ಮನಿರುವ ಬೀಗರನ್ನು ನಾನಂತೂ ಈ ಜನ್ಮದಲ್ಲಿ ನೋಡಿಲ್ಲ.

ಅವರ ಕುತೂಹಲ ತಪ್ಪೂ ಅಲ್ಲ. ನಾವು ಜಂಗಮರು, ಊರವರ ಬಾಯಲ್ಲಿ ಅಯ್ಯನವರು. ಮನೆಯಲ್ಲಿ ಎರಡು ಹೊತ್ತು ಲಿಂಗಪೂಜೆ ನಡೆಯುತ್ತದೆ. ನನ್ನ ಅಪ್ಪ ಸುತ್ತಲಿನ ಹಳ್ಳಿಗಳ ಮದುವೆ, ಮನೆಶಾಂತಿ ಮಾಡಿಸಿಕೊಂಡೇ ಬಾಳು ಕಳೆದವನು. ಅಂಥ ಮನೆಯ ಕೊಟ್ಟಿಗೆಯಲ್ಲಿ ಮುಸಲ್ಮಾನ ಹೆಂಗಸಿನ ಓಢಣಿಗೆ ಏನು ಕೆಲಸ? ಸೊಲ್ಲಾಪುರದ ನಮ್ಮ ಸೋದರಮಾವನೊಬ್ಬ ಅದನ್ನು ದರ್ಗಾದ ಹರಕೆ ಎಂದು ತಿಳಿದು ಕೈ ಮುಗಿದುಬಿಟ್ಟಿದ್ದ. ಕೈ ಮುಗಿದ ಮೇಲೆ ಯಾರದ್ದೆಂದು ಕೇಳಿದ.

"ಎಮ್ಮಿದು," ಅಂದಳು ನಮ್ಮವ್ವ.

"ಎಮ್ಮಿ ಹೊತ್ಕೊಂತದೇನು?"

"ಎಮ್ಮಿ ಯಾಕ ಹೊತ್ಕೊಂತದ? ನಾವು ಹೊತ್ಕೋತೀವಿ. ಎಮ್ಮಿ ನೋಡ್ತದ."

ಮಾವ ಅಷ್ಟಕ್ಕೇ ಬಿಟ್ಟ. ನಮ್ಮವ್ವನ ಹತ್ತಿರ ಎರಡನೆಯ ಪ್ರಶ್ನೆ ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಆದರೆ ನೀವು ಬೀಗರಲ್ಲ, ಓದುಗರು. ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ಮೊದಲು ನನ್ನ ಬಗ್ಗೆ ಎರಡು ಮಾತು. ಉಮರ್ಗಾದಿಂದ ನಿಲಂಗಾ ಮೇಲೆ ಹಾಯ್ದು ಉದಗೀರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನಾಗಿ ಸವೆದು, ಈಗ ಸಾಸ್ತೂರಿನ ಮನೆಯಲ್ಲಿ ಕೂತಿದ್ದೇನೆ. ಅಪ್ಪನಿಗೆ ನಾನು ಪೌರೋಹಿತ್ಯ ಮುಂದುವರಿಸಲಿಲ್ಲವೆಂಬ ಕೊರಗಿತ್ತು. ನನ್ನ ಮಟ್ಟಿಗೆ ಎರಡರಲ್ಲಿ ಅಂಥ ಫರಕು ಕಾಣಲಿಲ್ಲ. ಅಪ್ಪ ಜನರನ್ನು ಮಣೆಯ ಮೇಲೆ ಕೂಡಿಸುತ್ತಿದ್ದ, ನಾನು ಸೀಟಿನ ಮೇಲೆ ಕೂಡಿಸುತ್ತಿದ್ದೆ. ಇಬ್ಬರ ಮಂತ್ರವನ್ನೂ ಯಾರೂ ಕಿವಿಗೊಟ್ಟು ಕೇಳುತ್ತಿರಲಿಲ್ಲ.

ನಮ್ಮ ಗಡಿ ಕಡೆಯ ಬಸ್ಸು ಹತ್ತಿದವರಿಗೆ ಗೊತ್ತಿದೆ, ಅಲ್ಲಿ ಒಂದು ಭಾಷೆ ಸಾಲುವುದಿಲ್ಲ. ಟಿಕೀಟು ಮರಾಠಿಯಲ್ಲಿ ಹರಿಯಬೇಕು. ಮುದುಕಿಯರನ್ನು ಹತ್ತಿಸಿಕೊಳ್ಳುವಾಗ ಕನ್ನಡ ಬೇಕು. ಬಾಗಿಲಲ್ಲಿ ಜೋತುಬಿದ್ದವರನ್ನು ಒಳಗೆ ತಳ್ಳಲು ದಖನಿ ಉರ್ದುವಿನಷ್ಟು ಚಲೋ ಭಾಷೆ ಇನ್ನೊಂದಿಲ್ಲ. ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ನನ್ನನ್ನು ಡಿಪೋದಲ್ಲಿ ದೊಡ್ಡ ಭಾಷಾಪಂಡಿತನೆಂದೇ ಭಾವಿಸಿದ್ದರು. ಏಕತೆಯ ಮೇಲೆ ಭಾಷಣ ಮಾಡುವ ದಿನ ಬಂದರೆ ಸಾಹೇಬರು ನನ್ನನ್ನೇ ನಿಲ್ಲಿಸುತ್ತಿದ್ದರು. ನಾನು ಪ್ರತಿ ವರ್ಷ ಅದೇ ಭಾಷಣ ಮಾಡುತ್ತಿದ್ದೆ: ಭಾಷೆ ಬೇರೆಯಾದರೇನು, ನಾವೆಲ್ಲ ಒಂದೇ. ಮನೆಗೆ ಬಂದು ಅವ್ವನಿಗೂ ಅದನ್ನು ಹೇಳಿ ತೋರಿಸುತ್ತಿದ್ದೆ. ಒಮ್ಮೆ ಆಕೆ ಅವರೆಕಾಯಿ ಬಿಡಿಸುತ್ತ ಕೇಳಿ, "ಎಲ್ಲಾರೂ ಒಂದೇ ಆದ್ರ ಮನೀ ಮನೀಗಿ ಬ್ಯಾರೆ ಒಲಿ ಯಾಕ ಬೇಕಪಾ? ಶ್ಯಾವಿಗಿ ಯಾರು ಕಳಸ್ಬೇಕು, ಹೋಳಿಗಿ ಯಾರಿಗಿ ಕೊಡ್ಬೇಕು?" ಅಂದಳು. ನನ್ನ ಭಾಷಣದಲ್ಲಿ ಶ್ಯಾವಿಗೆಯ ವಿಷಯ ಎಲ್ಲೂ ಇರಲಿಲ್ಲ.

ಶ್ಯಾವಿಗೆ ಅಂದರೆ ನನಗೆ ಹಳೆಯ ಊರು ನೆನಪಾಗುತ್ತದೆ, ತೊಂಬತ್ಮೂರರ ಭೂಕಂಪಕ್ಕಿಂತ ಮುಂಚಿನ ಊರು. ರಂಜಾನ್ ಹಬ್ಬದ ಮುಂಜಾನೆ ಓಣಿಯ ಮುಸಲ್ಮಾನರ ಮನೆಗಳಿಂದ ನಮ್ಮ ಮನೆಗೆ ತಾಟುಗಳು ಬರುತ್ತಿದ್ದವು. ತಾಟಿನಲ್ಲಿ ಒಣ ಶ್ಯಾವಿಗೆ, ಸಕ್ಕರೆ, ಗೋಡಂಬಿ, ಉತ್ತತ್ತಿ. ಬೇಯಿಸಿದ್ದು ಒಂದೂ ಇಲ್ಲ. ಅಯ್ಯನವರು ಬೇರೆಯವರ ಒಲೆಯ ಮೇಲೆ ಬೆಂದದ್ದನ್ನು ಉಣ್ಣುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಅದನ್ನು ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಹಬ್ಬವನ್ನು ನಮಗೆ ತಪ್ಪಿಸುತ್ತಲೂ ಇರಲಿಲ್ಲ. ಅವ್ವ ಆ ಶ್ಯಾವಿಗೆಯನ್ನು ನಮ್ಮ ಒಲೆಯ ಮೇಲೆ ನಮ್ಮ ಎಮ್ಮೆಯ ಹಾಲಿನಲ್ಲಿ ಬೇಯಿಸುತ್ತಿದ್ದಳು. ಅಪ್ಪ ಅದನ್ನು ಲಿಂಗಕ್ಕೆ ನೈವೇದ್ಯ ಮಾಡಿ ಉಣ್ಣುತ್ತಿದ್ದ. ನಾನು ಮಾತ್ರ ಅಂಗಳದಲ್ಲಿ ನಿಂತು, ಅವರ ಮನೆಯಿಂದ ಬರುವ ತುಪ್ಪದಲ್ಲಿ ಹುರಿದ ವಾಸನೆಯನ್ನೇ ಮೂಗಿನಿಂದ ಉಂಡು ಪಾಪ ಕಟ್ಟಿಕೊಳ್ಳುತ್ತಿದ್ದೆ. ನಾಗರಪಂಚಮಿಗೆ ಈ ಲೆಕ್ಕ ತಿರುಗುತ್ತಿತ್ತು. ಅವರಿಗೆ ಅಂಥ ಕಟ್ಟಳೆ ಇಲ್ಲವಾದ್ದರಿಂದ ನಮ್ಮ ಮನೆಯ ಬಿಸಿ ಹೋಳಿಗೆ ಬುಟ್ಟಿಗಟ್ಟಲೆ ಹೊರಗೆ ಹೋಗುತ್ತಿತ್ತು. ಈ ವ್ಯವಹಾರದಲ್ಲಿ ನಮಗೇ ನಷ್ಟವೆಂದು ಬಾಲ್ಯದಲ್ಲಿ ನನಗೆ ಖಾತ್ರಿಯಾಗಿತ್ತು.

ಭೂಕಂಪದಲ್ಲಿ ಆ ಊರು ಹೋಯಿತು. ಅದರ ಕಥೆ ಇಲ್ಲಿ ಬೇಡ. ತಗಡಿನ ಶೆಡ್ಡುಗಳಲ್ಲಿ ಇಟ್ಟಾಗ ನಮ್ಮ ಪಕ್ಕದ ಖೋಲಿಗೆ ಬಂದವಳು ಮೆಹರುನ್‌ಬಿ, ನನಗೆ ಖಾಲಾ, ಅಂದರೆ ಚಿಕ್ಕವ್ವ. ನಡುವೆ ಒಂದು ತಗಡು ಮಾತ್ರ. ಅವ್ವ ಆ ಬದಿಗೆ ಬೆನ್ನು ಕೊಟ್ಟು ಕೂತು ಕನ್ನಡದಲ್ಲಿ ಅಳುತ್ತಿದ್ದಳು, ಖಾಲಾ ಈ ಬದಿಗೆ ಬೆನ್ನು ಕೊಟ್ಟು ದಖನಿಯಲ್ಲಿ ಸಮಾಧಾನ ಹೇಳುತ್ತಿದ್ದಳು. ಮರುದಿನ ಪಾಳಿ ಬದಲಾಗುತ್ತಿತ್ತು. ಹೊಸ ಊರು ಕಟ್ಟಿ ಮನೆಗಳನ್ನು ಹಂಚಿದಾಗ ಇಬ್ಬರೂ ಜಗಳಾಡಿ ಹಿತ್ತಿಲಿಗೆ ಹಿತ್ತಿಲು ತಾಗುವ ಮನೆಗಳನ್ನೇ ತೆಗೆದುಕೊಂಡರು. ಅಂದಿನಿಂದ ಇಂದಿನವರೆಗೆ ದಿನಕ್ಕೆ ಗಂಟೆಗಟ್ಟಲೆ ಮಾತು. ಆದರೆ ಒಂದು ವಿಚಿತ್ರ ನೋಡಿ. ಅವ್ವ ಒಂದು ದಿನವೂ ದಖನಿ ಆಡಲಿಲ್ಲ, ಖಾಲಾ ಒಂದು ದಿನವೂ ಕನ್ನಡ ಆಡಲಿಲ್ಲ. ಒಬ್ಬಳದು ಇನ್ನೊಬ್ಬಳಿಗೆ ಪೂರ್ತಿ ತಿಳಿಯುತ್ತಿತ್ತು. ತಿಳಿಯುವಾಗ ಆಡುವ ದರ್ದೇನು ಎಂಬುದು ಇಬ್ಬರ ವಾದ.

ಅಂಥ ಗೆಳೆತನಕ್ಕೆ ಬೆಂಕಿ ಬಿದ್ದದ್ದು ಒಂದು ಪತ್ರಿ ಗಿಡದಿಂದ. ಪೂಜೆಗೆ ದಿನಾ ಬಿಲ್ವಪತ್ರಿ ಬೇಕು. ಊರಾಚೆಯಿಂದ ತಂದುಕೊಡುವವರ ದಾರಿ ಕಾದು ಬೇಸತ್ತು ಅವ್ವ ಹಿತ್ತಿಲಿನಲ್ಲಿ ತಾನೇ ಒಂದು ಸಸಿ ನೆಟ್ಟಿದ್ದಳು. ಬಿಲ್ವ ಹಟಮಾರಿ ಗಿಡ, ಬೇಗ ಬೆಳೆಯುವುದಿಲ್ಲ. ಬಿಸಿಲಿಗೆ ನೆರಳು ಕಟ್ಟಿ, ಪಾತ್ರೆ ತೊಳೆದ ನೀರು ಬೇಡವೆಂದು ಕುಡಿಯುವ ನೀರು ಹಾಕಿ ಸಾಕಿದ್ದಳು. ಅದು ಸೊಂಟದ ಎತ್ತರಕ್ಕೆ ಬಂದು, ಇನ್ನು ನಾಳೆಯಿಂದ ಎಲೆ ಹರಿಯಬಹುದು ಅನ್ನುವ ದಿನ ಖಾಲಾನ ಆಡು ಗೋಡೆ ಹಾರಿ ಬಂದು ಬುಡಸಮೇತ ಮೇಯ್ದುಬಿಟ್ಟಿತು.

ಅವ್ವ ಹಿತ್ತಿಲಿಗೆ ಬಂದಾಗ ಆಡಿನ ಬಾಯಲ್ಲಿ ಕೊನೆಯ ಟೊಂಗೆ ಇತ್ತು. ಗೋಡೆಯ ಆಚೆ ಖಾಲಾ ನಿಂತಿದ್ದಳು.

"ಬಕರಿ ಕು ಕ್ಯಾ ಮಾಲೂಮ್, ಅಕ್ಕಾ. ದೇವ್ ಕಾ ಪತ್ತಾ ಖಾಯೀ, ಪುಣ್ಯ ಮಿಲ್ಯಾ ಉಸಕು," ಅಂದು ಖಾಲಾ ನಕ್ಕಳು. ಆಡಿಗೇನು ಗೊತ್ತು, ದೇವರ ಪತ್ರಿ ತಿಂದು ಪುಣ್ಯ ಕಟ್ಟಿಕೊಂಡಿತಂತೆ.

"ಆಡಿಗಿ ಗೊತ್ತಿಲ್ಲ. ಕಟ್ಟಿದಾಕಿಗಿ ಗೊತ್ತಿರಬೇಕಿತ್ತು," ಅಂದು ಅವ್ವ ಒಳಗೆ ಬಂದಳು.

ಅಲ್ಲಿಗೆ ಮಾತು ನಿಂತಿತು. ತಗಡಿನ ಗೋಡೆಯಲ್ಲಿ ದಾಟುತ್ತಿದ್ದ ಮಾತು ಇಟ್ಟಿಗೆಯ ಗೋಡೆಯಲ್ಲಿ ದಾಟದಾಯಿತು. ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಅನ್ನುವಂತೆ ಅವ್ವ ನಳಕ್ಕೆ ಬೈಯುವಳು, ಖಾಲಾ ಕೋಳಿಗೆ ಬೈಯುವಳು. ಆ ವರ್ಷದ ರಂಜಾನ್ ಬಂತು. ಅವ್ವ ಮುಂಜಾನೆಯಿಂದ ಯಾವ ಕೆಲಸವೂ ಇಲ್ಲದೆ ಹಿತ್ತಿಲಿಗೆ ಹೋಗಿ ಬಂದು ಮಾಡುತ್ತಿದ್ದಳು. ಕೊನೆಗೆ ಗೋಡೆಯ ಮೇಲೆ ಒಂದು ತಾಟು ಬಂದು ಕೂತಿತು. ಒಣ ಶ್ಯಾವಿಗೆ, ಸಕ್ಕರೆ, ಗೋಡಂಬಿ, ಉತ್ತತ್ತಿ. ಆಚೆಯಿಂದ ಒಂದು ಕೆಮ್ಮು ಕೇಳಿತು, ನಂತರ ಬಾಗಿಲು ಹಾಕಿಕೊಂಡ ಸಪ್ಪಳ. ಅವ್ವ ಸ್ವಲ್ಪ ಹೊತ್ತು ಬಿಟ್ಟು ತಾಟು ಇಳಿಸಿಕೊಂಡಳು. ಮಾತು ನಿಂತರೂ ಕಟ್ಟಳೆ ನಿಲ್ಲಿಸುವಷ್ಟು ಕೆಟ್ಟವರು ಇಬ್ಬರೂ ಆಗಿರಲಿಲ್ಲ. ಆ ತಾಟನ್ನು ಎದೆಗೆ ಹಿಡಿದುಕೊಂಡು ಅವ್ವ ಒಳಗೆ ಬಂದಳು.

ಶ್ಯಾವಿಗೆ ಬೆಂದದ್ದು ಪಾಕೀಟಿನ ಹಾಲಿನಲ್ಲಿ. ಹಳೆಯ ಎಮ್ಮೆ ತೀರಿಕೊಂಡ ಮೇಲೆ ನಮಗೆ ಪಾಕೀಟೇ ಗತಿಯಾಗಿತ್ತು. ಅವ್ವ ಒಂದು ಚಮಚ ಬಾಯಿಗೆ ಹಾಕಿ ಬಟ್ಟಲು ಕೆಳಗಿಟ್ಟಳು.

"ಆಕಿ ಶ್ಯಾವಿಗಿಗಿ ಈ ಹಾಲ ಹಾಕಿದ್ರ ಅದು ಮೋಸ. ಎಮ್ಮಿ ತಗೊಂಬಾ," ಅಂದಳು.

ಮಾತು ಬಿಟ್ಟವಳ ಶ್ಯಾವಿಗೆಯ ಮಾನ ಉಳಿಸಲು ಎಮ್ಮೆ ತರಬೇಕು. ನಾನು ಆಗಲಿ ಅಂದೆ. ನನ್ನ ಬಸ್ಸಿನಲ್ಲಿ ವರ, ಕನ್ಯೆ, ಎತ್ತು, ಹೊಲ ಎಲ್ಲದರ ಸುದ್ದಿಯೂ ಸಿಗುತ್ತಿತ್ತು, ಎಮ್ಮೆಯದೂ ಸಿಕ್ಕಿತು. ಉದಗೀರದ ರಶೀದಾಬಿ ಎಂಬ ಮುದುಕಿ ಹೈದರಾಬಾದಿನ ಮಗಳ ಮನೆಗೆ ಹೋಗಿ ಇರುವವಳಿದ್ದಳು, ಎಮ್ಮೆಯನ್ನು ಒಳ್ಳೆಯ ಮನೆಗೆ ಕೊಡಬೇಕೆಂದು ಹುಡುಕುತ್ತಿದ್ದಳು. ಎಮ್ಮೆಯ ಹೆಸರು ಬೇಗಂ. ಹಣೆಯಲ್ಲಿ ಬಿಳಿ ಚುಕ್ಕೆ, ಕಣ್ಣಿನಲ್ಲಿ ಮನೆಯ ಹಿರಿಯಳ ಗತ್ತು. ಕರು ಹುಟ್ಟಿದ ಸ್ವಲ್ಪ ದಿನಕ್ಕೇ ಸತ್ತಿತ್ತಂತೆ. ಆದರೂ ರಶೀದಾಬಿ ನನ್ನ ಮುಂದೆಯೇ ಚರಗಿ ತುಂಬ ನೊರೆಹಾಲು ಹಿಂಡಿ ತೋರಿಸಿದಳು. ತಲೆಯ ಮೇಲೆ ಓಢಣಿ ಹೊದ್ದು, ಹಿಂಡುವಷ್ಟು ಹೊತ್ತೂ ಎಮ್ಮೆಯ ಜೊತೆ ಏನೋ ಮಾತಾಡುತ್ತಲೇ ಇದ್ದಳು. ನಾನು ಆ ಕಡೆ ಲಕ್ಷ್ಯ ಕೊಡಲಿಲ್ಲ. ಅವರು ಕೊಟ್ಟ ಚಹಾ ಚಲೋ ಇತ್ತು.

"ಘರ್ ಮೇಂ ಔರತಾಂ ಬಾತಾಂ ಕರತೇ ನಾ, ಭಾಯಿ?" ಎಂದು ಮುದುಕಿ ಕೇಳಿದಳು.

ನಮ್ಮ ಮನೆಯ ಹೆಂಗಸರು ಮಾತಾಡುತ್ತಾರೆಯೇ ಎಂಬ ಪ್ರಶ್ನೆಗೆ ನಾನು ನಕ್ಕು, ಅದಕ್ಕೇನೂ ಕೊರತೆ ಇಲ್ಲ ಅಂದೆ.

"ಬಸ್. ಇಸಕು ಖಾಲಿ ಘಾಸ್ ನಕ್ಕೋ ಡಾಲೋ. ಬಾತಾಂ ಭೀ ಡಾಲೋ," ಅಂದು ಬೇಗಂಳ ಕೊರಳು ತಬ್ಬಿ ಅತ್ತಳು. ಹುಲ್ಲಿನ ಜೊತೆ ಮಾತನ್ನೂ ಹಾಕು ಅನ್ನುವ ಈ ಮಾತನ್ನು ನಾನು ಮುದುಕಿಯ ಅಕ್ಕರೆ ಎಂದು ತಿಳಿದು ಎಮ್ಮೆಯನ್ನು ಟೆಂಪೋ ಹತ್ತಿಸಿದೆ.

ಅವ್ವ ಆರತಿ ಎತ್ತಿ ಒಳಗೆ ಕರೆದುಕೊಂಡಳು. ಲಿಂಗಪೂಜೆ ಆಗುವ ಮನೆಯಲ್ಲಿ ಬೇಗಂ ಎಂದು ಕೂಗುವುದು ಹೇಗೆಂದು ಅಲ್ಲೇ ಗಂಗವ್ವ ಎಂದು ಹೆಸರಿಟ್ಟಳು. ಗಂಗವ್ವ ಹಿಂಡಿ ತಿಂದಳು, ಕಣಿಕೆ ತಿಂದಳು, ನೀರು ಕುಡಿದಳು. ಸಂಜೆ ಅವ್ವ ಹಿಂಡಲು ಕೂತರೆ ಒಂದು ಹನಿ ಹಾಲು ಇಳಿಸಲಿಲ್ಲ.

ಹೊಸ ಜಾಗ, ನಾಳೆ ಸರಿಹೋಗುತ್ತದೆ ಅಂದೆವು. ಮರುದಿನವೂ ಅದೇ ಕಥೆ. ಅವ್ವ ಕನ್ನಡದಲ್ಲಿ ರಮಿಸಿದಳು: "ಬಿಡ ನನ ತಾಯಿ, ಯಾಕ ಸಿಟ್ಟ ಮಾಡ್ಕೊಂಡಿ?" ಎಮ್ಮೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ನನ್ನ ಹೆಂಡತಿ ಶಾಂತಾ ಲೋಹಾರಾದವಳು, ತವರಿನ ಮಾತು ಮರಾಠಿ. ಆಕೆ ಬಂದು "ಸೋಡ ಗ ಬಾಯಿ, ಕಿತೀ ಹಟ್ಟ ಕರತೇಸ" ಎಂದು, ಇಷ್ಟು ಹಟ ಬೇಡ ತಾಯಿ ಎನ್ನುತ್ತ ಮೈ ತಟ್ಟಿದಳು. ಎಮ್ಮೆ ಚರಗಿಯನ್ನು ಒದ್ದಿತು. ಆಗ ನನಗೆ ರಶೀದಾಬಿಯ ಮಾತು ನೆನಪಾಯಿತು. ಇದಕ್ಕೆ ಬೇಕಾದದ್ದು ದಖನಿ! ಭಾಷಾಪಂಡಿತ ಮನೆಯಲ್ಲೇ ಇದ್ದಾನಲ್ಲ?

ಶಾಂತಾಳ ದುಪಟ್ಟಾ ಒಂದನ್ನು ತಲೆಗೆ ಹೊದ್ದು, ಮೀಸೆಯನ್ನು ಅದರಲ್ಲಿ ಮುಚ್ಚಿಕೊಂಡು, ಎಮ್ಮೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ಕೂತ ಮೇಲೆ ತಿಳಿಯಿತು, ನನಗೆ ಬರುವ ದಖನಿಯೆಲ್ಲ ಬಸ್ಸಿನ ದಖನಿ. ಬಾಯಿ ತೆರೆದರೆ "ಆಗೇ ಸರಕೋ, ಆಗೇ ಸರಕೋ, ಪೀಛೇ ಜಗಾ ಕರೋ" ಎಂದೇ ಬಂತು. ಎಮ್ಮೆ ವಿಧೇಯವಾಗಿ ಮುಂದೆ ಸರಿಯಿತು. ನಾನೂ ಕೂತಲ್ಲೇ ಸರಿದೆ. ಅದು ಇನ್ನೂ ಸರಿಯಿತು. ಮೇವಿನ ಗೋದಲಿಗೆ ಎದೆ ಹತ್ತಿದ ಮೇಲೆ ಇನ್ನು ಜಾಗವಿಲ್ಲವೆಂದು ತಿರುಗಿ ನನ್ನನ್ನು ನೋಡಿತು. ತುಂಬಿದ ಬಸ್ಸಿನಲ್ಲಿ ಪ್ರಯಾಣಿಕರು ನೋಡುತ್ತಿದ್ದರಲ್ಲ, ಅದೇ ನೋಟ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆ ಮಾಡಿದವರು ಉದಗೀರದ ಎಮ್ಮೆಯನ್ನು ಕಂಡಿರಲಿಕ್ಕಿಲ್ಲ. ಇದಕ್ಕೆ ಎಲ್ಲ ತಿಳಿಯುತ್ತಿತ್ತು.

ನಗು ಅಲ್ಲಿಗೆ ಮುಗಿಯಿತು. ಕೆಚ್ಚಲು ಕಲ್ಲಿನಂತಾಗಿತ್ತು. ದನದ ಡಾಕ್ಟರರು ಬಂದು ಮುಟ್ಟಿ ನೋಡಿ, ಹಾಲು ಹೀಗೇ ನಿಂತರೆ ಕೆಚ್ಚಲು ಬಾವು ಬರುತ್ತದೆ, ಬಾವು ಬಂದರೆ ಎಮ್ಮೆ ಕೆಲಸಕ್ಕೆ ಬರುವುದಿಲ್ಲ ಅಂದರು. ಕೆಲಸಕ್ಕೆ ಬಾರದ ಎಮ್ಮೆ ಯಾವ ಬಜಾರಿಗೆ ಹೋಗುತ್ತದೆಂದು ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ಎಮ್ಮೆ ಮುಂಜಾನೆಯಿಂದ ಒದರುತ್ತಿತ್ತು. ಅವ್ವ ಅದರ ಹಣೆಗೆ ಹಣೆ ಹಚ್ಚಿ ನಿಂತುಬಿಟ್ಟಿದ್ದಳು, ಉಂಡಿರಲಿಲ್ಲ.

ನಾನು ರಶೀದಾಬಿಗೆ ಫೋನು ಹಚ್ಚಿದೆ. ಆಕೆ ಆಗಲೇ ಹೈದರಾಬಾದಿನಲ್ಲಿದ್ದಳು. ಸ್ಪೀಕರ್ ಹಾಕಿ ಎಮ್ಮೆಯ ಕಿವಿಯ ಹತ್ತಿರ ಹಿಡಿದೆ. "ಬೇಗಂ? ಮೇರೀ ಬೇಗಂ?" ಎಂಬ ದನಿ ಬಂದದ್ದೇ ತಡ, ಎಮ್ಮೆ ಸುತ್ತೆಲ್ಲ ತಿರುಗಿ ನೋಡಿತು. ಬಾಗಿಲ ಕಡೆ ನೋಡಿತು. ಆಮೇಲೆ ಫೋನನ್ನು ನೆಕ್ಕತೊಡಗಿತು. ಆ ಕಡೆ ಮುದುಕಿ ಅಳುವುದು ಕೇಳುತ್ತಿತ್ತು. ಅವ್ವ ನನ್ನ ಕೈ ಹಿಡಿದು ಫೋನು ಇಳಿಸಿದಳು.

"ಸಾಕು. ದೂರ ಇದ್ದಾಕಿ ದನಿ ಕೇಳ್ಸಿ ಮೂಕ ಪ್ರಾಣಿ ಜೀವಾ ತಿನಬ್ಯಾಡ."

ಫೋನು ಇಡುವ ಮುಂಚೆ ರಶೀದಾಬಿ ಒಂದೇ ಮಾತು ಕೇಳಿದಳು. ಅಕ್ಕಪಕ್ಕದಲ್ಲಿ ತನ್ನಂತೆ ಮಾತಾಡುವ ಹೆಂಗಸು ಯಾರೂ ಇಲ್ಲವೇ ಎಂದು. ನಾನು ಅವ್ವನನ್ನು ನೋಡಿದೆ. ಶಾಂತಾ ಅವ್ವನನ್ನು ನೋಡಿದಳು. ಎಮ್ಮೆಯೂ ಅವ್ವನನ್ನು ನೋಡಿತೆಂದು ನನ್ನ ನೆನಪು, ಆದರೆ ಅದಕ್ಕೆ ಪ್ರಮಾಣ ಮಾಡಲಾರೆ.

ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಹಿತ್ತಿಲ ಗೋಡೆಗೆ ಹೋಗಲಿಲ್ಲ. ಮುಂಬಾಗಿಲಿನಿಂದ ಹೊರಗೆ ಬಿದ್ದು, ಓಣಿ ಸುತ್ತಿ, ಎಲ್ಲರೂ ನೋಡುವಂತೆ ಖಾಲಾನ ಹೊಸ್ತಿಲಿಗೆ ಹೋಗಿ ನಿಂತಳು. ನಾನು ಹಿಂದೆ ನಿಂತೆ.

"ಮೆಹರುನ್, ಬಾ. ನನ ಸಲೇಕ ಬ್ಯಾಡ. ಮೂಕ ಪ್ರಾಣಿ ಸಲೇಕ ಬಾ."

ಖಾಲಾ ಒಳಗಿಂದ ಬರಬೇಕಾಗಿರಲಿಲ್ಲ. ಚಪ್ಪಲಿ ಮೆಟ್ಟಿ ಬಾಗಿಲ ಹಿಂದೆಯೇ ನಿಂತಿದ್ದಳು. "ಕಬ್ ಸೇ ಖಡೀ ಹೂಂ, ಅಕ್ಕಾ. ಔರ ಜರಾ ದೇರ್ ಹೋತೀ ತೋ ದಿವಾಲ್ ಕೂದ್ ಕೇ ಆತೀ," ಅಂದಳು. ಇನ್ನು ತಡವಾಗಿದ್ದರೆ ಗೋಡೆ ಹಾರಿಯೇ ಬರುತ್ತಿದ್ದಳಂತೆ. ಆ ವಿದ್ಯೆ ಆ ಮನೆಯಲ್ಲಿ ಆಡೊಂದಕ್ಕೇ ಬರುತ್ತದೆಂದು ತಿಳಿದಿದ್ದೆ.

ಬಂದವಳು ನೇರ ಕೊಟ್ಟಿಗೆಗೆ ಹೋಗಲಿಲ್ಲ. ನಮ್ಮ ಹಿತ್ತಿಲಿನ ನಳದ ಕೆಳಗೆ ಮೊಳಕೈವರೆಗೆ ಕೈ ತೊಳೆದಳು. ಪೂಜೆಗೆ ಹೋಗುವ ಹಾಲು, ಅಯ್ಯನವರ ಮಡಿ ಹೇಗೆಂದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತು. ಆಮೇಲೆ ಹಸಿರು ಓಢಣಿಯನ್ನು ತಲೆಗೆ ಬಿಗಿದು, ಎಮ್ಮೆಯ ಪಕ್ಕ ಕೂತು, ಕೆಚ್ಚಲಿಗೆ ಬೆಚ್ಚನೆ ನೀರು ಹಚ್ಚುತ್ತ ಶುರು ಮಾಡಿದಳು. ಫೋನಿನಲ್ಲಿ ಕೂಗಿದ ಹೆಸರು ಗೋಡೆಯ ಆಚೆಗೂ ಕೇಳಿತ್ತು.

"ಕಾಯ್ಕು ರೂಸೀ ಗೇ ಬೇಗಂ? ತೂ ಭೀ ರೂಸೀ, ವೋ ಭೀ ರೂಸೀ. ಅಬ್ ತೂಚ್ ಬೋಲ್. ಬಕರಿ ಪತ್ತಾ ನಹೀಂ ಖಾಯಿಂಗೀ ತೋ ಕ್ಯಾ ಖಾಯಿಂಗೀ? ಏಕ್ ಝಾಡ್ ಕೇ ವಾಸ್ತೇ ಮೇರೇ ಸೇ ಬಾತ್ ಬಂದ್ ಕರ್ ದೀ ಯೇ ಔರತ್."

ನೀನೂ ಮುನಿದೆ, ಅವಳೂ ಮುನಿದಳು. ಆಡು ಎಲೆ ತಿನ್ನದೆ ಇನ್ನೇನು ತಿಂದೀತು? ಒಂದು ಗಿಡಕ್ಕಾಗಿ ನನ್ನ ಜೊತೆ ಮಾತು ಬಿಟ್ಟಳಲ್ಲ ಈ ಹೆಂಗಸು, ನ್ಯಾಯ ನೀನೇ ಹೇಳು ಎಂದು ಖಾಲಾ ಎಮ್ಮೆಯ ಮುಂದೆ ಖಟ್ಲೆ ಹಾಕಿಬಿಟ್ಟಿದ್ದಳು. ಎಮ್ಮೆ ಕಿವಿ ನಿಮಿರಿಸಿತು. ಅದರ ಮೈ ಸಡಿಲಾಯಿತು. ಚರಗಿಯಲ್ಲಿ ಸರ್ ಎಂದು ಮೊದಲ ಧಾರೆ ಬಿತ್ತು.

ಅವ್ವ ಎಮ್ಮೆಯ ತಲೆಯ ಕಡೆ ನಿಂತಿದ್ದಳು. ಪ್ರತಿವಾದಿ ಸುಮ್ಮನಿರಲು ಹೇಗೆ ಸಾಧ್ಯ?

"ಬೇಗಂ, ಆಕಿಗಿ ಹೇಳ," ಅಂದಳು. ಗಂಗವ್ವ ಎಂಬ ಹೆಸರು ಅಲ್ಲಿಗೆ ತೀರಿತು. "ಆಡ ತಿಂದದ್ದಕ್ಕ ನಾ ಸಿಟ್ಟಾಗಿಲ್ಲ. ಕೂಸಿನಂಗ ಸಾಕಿದ ಗಿಡ ಹೋಗ್ಯದ, ಆಕಿ ನಿಂತು ನಕ್ಕಾಳ. ಆ ನಗಿಗಿ ಸಿಟ್ಟಾಗೀನಿ."

ಖಾಲಾನ ಕೈ ಒಂದು ಕ್ಷಣ ನಿಂತಿತು. "ಹಸೀ ಕಾಂ ಗೇ ಬೇಗಂ. ಡರ್ ಗಯೀ ಥೀ ಮೈಂ. ಅಕ್ಕಾ ಕಾ ಮೂ ದೇಖ್ ಕೇ ಡರ್ ಗಯೀ," ಅಂದಳು. ನಕ್ಕದ್ದಲ್ಲವಂತೆ, ಅವ್ವನ ಮುಖ ನೋಡಿ ಹೆದರಿಕೆಯಾಗಿತ್ತಂತೆ.

"ಹೆದರಿದವರು ಹಲ್ಲ ಕಿಸೀತಾರೇನ ಬೇಗಂ? ಕೇಳ ಆಕಿಗಿ."

ಚರಗಿ ತುಂಬಿತು. ಎರಡನೆಯ ಚರಗಿ ತಂದೆ. ಖಟ್ಲೆ ಮಾತ್ರ ಇತ್ಯರ್ಥವಾಗಲಿಲ್ಲ. ಸಂಜೆ ಮತ್ತೆ ವಿಚಾರಣೆ, ಮರುದಿನ ಮುಂಜಾನೆ ಮತ್ತೆ. ಇಬ್ಬರೂ ಒಬ್ಬರಿಗೊಬ್ಬರು ನೇರ ಮಾತಾಡುತ್ತಿರಲಿಲ್ಲ, ಎಲ್ಲ ಬೇಗಂಳ ಮೂಲಕ. ಆದರೆ ಮಾತು ಹಳೆಯ ಖಟ್ಲೆಯಿಂದ ಜಾರಿ ಮೊಣಕಾಲು ನೋವಿಗೆ, ಮೆಣಸಿನಕಾಯಿ ಧಾರಣೆಗೆ, ಮಾಕಣಿ ಅಣೆಕಟ್ಟಿನ ನೀರು ಎಲ್ಲಿಗೆ ಬಂತೆಂಬುದಕ್ಕೆ ಹೋಗಿ ಮತ್ತೆ ಪತ್ರಿ ಗಿಡಕ್ಕೆ ಬರುತ್ತಿತ್ತು. ಜಗಳ ಜೋರಾದ ದಿನ ಹಾಲು ಹೆಚ್ಚು. ಓಢಣಿ ದಿನಾ ಹೊತ್ತು ತರುವುದೇಕೆಂದು ಖಾಲಾ ಅದನ್ನು ನಮ್ಮ ಗೂಟಕ್ಕೇ ಬಿಟ್ಟಳು.

ಮರುವರ್ಷ ರೋಜಾ ತಿಂಗಳು ಬಂತು. ಸಂಜೆ ಹಿಂಡುವ ಹೊತ್ತಿಗೆ ಖಾಲಾನ ಗಂಟಲು ಒಣಗಿರುತ್ತಿತ್ತು. ದಿನವಿಡೀ ನೀರು ಕುಡಿಯದ ಬಾಯಿ, ಮಾತು ಹೊರಡುತ್ತಿರಲಿಲ್ಲ. ಮಾತು ಕಡಿಮೆಯಾದದ್ದಕ್ಕೆ ಹಾಲೂ ಕಡಿಮೆಯಾಯಿತು. ಎರಡು ದಿನ ನೋಡಿದ ಅವ್ವ ಮೂರನೆಯ ಸಂಜೆ ಎಮ್ಮೆಯ ತಲೆಯ ಹತ್ತಿರ ಕಾಲು ಚಾಚಿ ಕೂತು, ಗಂಟಲು ಸರಿಮಾಡಿಕೊಂಡು, "ಬೇಗಂ, ಸುನ್ ಗೇ" ಅಂದಳು. ಮೂವತ್ತು ವರ್ಷ ಗೋಡೆಯ ಆಚೆಯಿಂದ ಕೇಳಿ ಒಳಗೇ ಇಟ್ಟುಕೊಂಡಿದ್ದ ಭಾಷೆ ಹಣೆಯ ವಿಭೂತಿಯ ಕೆಳಗಿನಿಂದ ಹೊರಗೆ ಬಂತು. ಗಂಡನ್ನು ಹೆಣ್ಣು ಮಾಡಿ, ಹೆಣ್ಣನ್ನು ಗಂಡು ಮಾಡಿ, ನಡುವೆ ಮರಾಠಿ ತುರುಕಿ ಆಡಿದಳು. ಖಾಲಾ ಉಪವಾಸದ ಬಾಯನ್ನು ಸೆರಗಿನಿಂದ ಮುಚ್ಚಿಕೊಂಡು ಅಲುಗಿ ಅಲುಗಿ ನಕ್ಕಳು. ಬೇಗಂ ಮಾತ್ರ ನಗಲಿಲ್ಲ, ಹಾಲು ಕೊಟ್ಟಳು.

ಹಬ್ಬದ ದಿನ ತಾಟು ಗೋಡೆಯ ಮೇಲೆ ಕೂರಲಿಲ್ಲ, ಬಾಗಿಲಿಗೇ ಬಂತು. ಶ್ಯಾವಿಗೆ ಬೇಗಂಳ ಹಾಲಿನಲ್ಲಿ ಬೆಂದಿತು. ಈ ಸಲ ಅವ್ವ ಬಟ್ಟಲು ಕೆಳಗಿಡಲಿಲ್ಲ.

ಮಳೆಗಾಲ ಕಳೆದ ಮೇಲೆ ಖಾಲಾ ಕಣ್ಣಿನ ಆಪರೇಷನ್ನಿಗೆಂದು ಉದಗೀರದ ಮಗಳ ಮನೆಗೆ ಹೋದಳು. ಗೂಟದ ಓಢಣಿಯನ್ನು ಅವ್ವ ತಲೆಗೆ ಕಟ್ಟಿಕೊಂಡು ತಾನೇ ಕೂತಳು. ಬೇಗಂಗೆ ಬರೀ ದಖನಿ ಸಾಕಾಗಲಿಲ್ಲ, ರೂಢಿಯಾದ ಖಟ್ಲೆಯೇ ಬೇಕಿತ್ತು. ವಾದಿ ಊರಲ್ಲಿಲ್ಲ. ಹಾಗಾಗಿ ಅವ್ವ ಖಾಲಾನ ವಕಾಲತ್ತನ್ನೂ ತಾನೇ ವಹಿಸಿಕೊಂಡಳು. ಖಾಲಾನ ದನಿ ಎತ್ತಿ ತನ್ನನ್ನೇ ಬೈದುಕೊಳ್ಳುವಳು, ಕನ್ನಡದಲ್ಲಿ ಉತ್ತರ ಕೊಡುವಳು, ಮತ್ತೆ ದಖನಿಯಲ್ಲಿ ಅದನ್ನು ತುಂಡರಿಸುವಳು. ನಾನು ಹೊರಗೆ ಕಣಿಕೆ ಕಡಿಯುತ್ತ ಕೇಳುತ್ತಿದ್ದೆ. ದಿನ ಕಳೆದಂತೆ ಕನ್ನಡದ ಪಾಲು ಕಡಿಮೆಯಾಗುತ್ತ ಬಂತು. ಒಂದು ಸಂಜೆ "ಡರ್ ಗಯೀ ಥೀ ಬಿಚಾರಿ" ಎಂಬಲ್ಲಿಗೆ ಬಂದು ಅವ್ವನ ದನಿ ನಿಂತಿತು. ಕೈ ನಿಲ್ಲಲಿಲ್ಲ, ಹಾಲಿನ ಸಪ್ಪಳ ಕೇಳುತ್ತಲೇ ಇತ್ತು.

"ಹೌದು ಬೇಗಂ," ಅಂದಳು ಆಮೇಲೆ, ತನ್ನ ಮಾತಿನಲ್ಲಿ, ಮೆಲ್ಲಗೆ. "ಹೆದರ್ಯಾಳ ಆಕಿ. ನನ ಮಾರಿ ಹಂಗೇ ಇದ್ದೀತು."

ನಾನು ಕುಡುಗೋಲು ಕೆಳಗಿಟ್ಟೆ. ಅವ್ವ ಸೋತದ್ದನ್ನು ನಾನು ಕಂಡದ್ದು ಅದೇ ಮೊದಲು, ನನಗೆ ಅದರಷ್ಟು ಸಂತೋಷ ಬೇರೆ ಯಾವುದರಿಂದಲೂ ಆಗಿಲ್ಲ.

ಖಾಲಾ ಕರಿ ಕನ್ನಡಕ ಹಾಕಿಕೊಂಡು ವಾಪಸು ಬಂದಳು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಬಿಲ್ವದ ಸಸಿ. ಉದಗೀರದಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಅದನ್ನು ಕೂಸಿನಂತೆ ಹಿಡಿದು ತಂದಿದ್ದಳಂತೆ. ಹಳೆಯ ಜಾಗದಲ್ಲೇ ನೆಟ್ಟು, ನಾನು ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದೆ. ಆಡಿಗೆ ಹೊಸ ಹಗ್ಗ ಬಂತು. ಸಸಿ ಚಿಗುರಿತು.

ಮೊನ್ನೆ ಸಂಜೆ ಆಡು ಹಗ್ಗ ಕಡಿದು, ಗೋಡೆ ಹಾರಿ, ಮುಳ್ಳಿನ ನಡುವೆ ಮೂತಿ ತೂರಿಸಿ ಅದನ್ನೂ ತಿಂದಿತು.

ನಾನು ನೋಡಿದಾಗ ಬರೀ ಕಡ್ಡಿ ಉಳಿದಿತ್ತು. ಇನ್ನು ಮತ್ತೆ ನಳಕ್ಕೆ ಬೈಗುಳ, ಕೋಳಿಗೆ ಬೈಗುಳ, ಗೋಡೆಯ ಮೇಲೆ ತಾಟು. ಆಡನ್ನು ಆಚೆ ದಾಟಿಸಿದೆ. ಕಡ್ಡಿಯನ್ನು ಕಿತ್ತು ಬಚ್ಚಿಡಲೇ ಎಂದು ಯೋಚಿಸುತ್ತಿದ್ದಾಗ ಅವ್ವ ಹಿಂಡುವ ತನ್ನ ಪಾಳಿಯೆಂದು ಹಿತ್ತಿಲಿಗೆ ಬಂದೇಬಿಟ್ಟಳು. ಕಡ್ಡಿಯನ್ನು ನೋಡಿದಳು. ನನ್ನನ್ನು ನೋಡಿದಳು. ಕೊಟ್ಟಿಗೆಗೆ ಹೋಗಿ, ಓಢಣಿ ತಲೆಗೆ ಬಿಗಿದು, ಬೇಗಂಳ ಪಕ್ಕ ಕೂತಳು.

"ಬಕರಿ ಪತ್ತಾ ನಹೀಂ ಖಾಯಿಂಗೀ ತೋ ಕ್ಯಾ ಖಾಯಿಂಗೀ, ಬೇಗಂ? ಜಾನೇ ದೇ," ಅಂದಳು. ಖಾಲಾನ ಆ ದಿನದ ವಾದವೇ, ಕೊನೆಗೆ ಹೋಗಲಿ ಬಿಡು ಎಂಬುದಷ್ಟೇ ಅವ್ವನದು.

ಅಷ್ಟರಲ್ಲಿ ಗೋಡೆಯ ಆಚೆಯಿಂದ ದನಿ ಕೇಳಿತು. ಬಾಯಲ್ಲಿ ಇನ್ನೂ ಪತ್ರಿ ಇದ್ದ ಆಡಿನ ಕಿವಿಯನ್ನು ಖಾಲಾ ಹಿಡಿದಿದ್ದಳು. ಬೈಯುತ್ತಿದ್ದಳು. ಹುಟ್ಟಿದಾಗಿನಿಂದ ಆಡದ ಕನ್ನಡದಲ್ಲಿ, ಎಡವುತ್ತ, ನಿಂತು ನಿಂತು ಬೈಯುತ್ತಿದ್ದಳು.

"ಕೂಸಿನಂಗ ಸಾಕಿದ ಗಿಡ ತಿಂತೀ? ದೇವರ ಪತ್ರಿ ತಿಂತೀ? ನಿನಗ ಗೊತ್ತಿಲ್ಲ. ನಿನಗ ಕಟ್ಟಿದಾಕಿಗಿ ಗೊತ್ತಿರಬೇಕಿತ್ತು."

ಅವ್ವ ಹಿಂಡುವುದನ್ನು ನಿಲ್ಲಿಸಿ ಕೇಳಿದಳು. ತನ್ನವೇ ಮಾತುಗಳು ಗೋಡೆ ದಾಟಿ ಬರುತ್ತಿದ್ದವು. ಓಢಣಿಯ ತುದಿಯಿಂದ ಕಣ್ಣು ಒರೆಸಿಕೊಂಡು, ಕತ್ತು ಮೇಲೆತ್ತಿ ಕೂಗಿದಳು.

"ಮೆಹರುನ್, ಅಲ್ಲಿ ನಿಂತ ಬೈಬ್ಯಾಡ, ಈ ಕಡಿ ಬಂದ ಬೈ. ಬೇಗಂ ಹಾಲ ಬಿಡ್ಲಕತ್ತಾಳ."